ಮನೆ ಕಟ್ಟಿ ನೋಡು, ಪೀಸಿ ಜೋಡಿಸಿ ನೋಡು

"ಅಣ್ಣಾ, ಐ7 ತಗೊಂಡೆ!"

2025ರ ಮೇ ತಿಂಗಳ ಒಂದು ಭಾನುವಾರ ಬೆಳ್ಳಂಬೆಳಿಗ್ಗೆ ಚಿಕ್ಕಪ್ಪನ ಮಗ ಫೋನ್ ಮಾಡಿ ಹೀಗಂದ. ನನಗೆ ಖುಷಿಯಾಗಬೇಕಿತ್ತು, ಆಗಲಿಲ್ಲ. ತಿಪಟೂರಿನಲ್ಲಿ ಡಿಪ್ಲೊಮಾ ಓದುತ್ತಿರೋ ಹುಡುಗ. ಎರಡು ರಜೆ ಫ್ಲೆಕ್ಸ್ ಪ್ರಿಂಟ್ ಅಂಗಡಿಯಲ್ಲಿ ದುಡಿದು ಇಪ್ಪತ್ತೆರಡು ಸಾವಿರ ಕೂಡಿಟ್ಟಿದ್ದ. ಗೇಮಿಂಗ್ ಪೀಸಿ ತಗೋಬೇಕು ಅನ್ನೋದು ಅವನ ಎರಡು ವರ್ಷದ ಕನಸು.

"ಎಷ್ಟಾಯ್ತೋ?"

"ಹತ್ತೊಂಬತ್ತೂವರೆ ಸಾವಿರ ಕಣಣ್ಣ. ಐ7, ಹದಿನಾರು ಜಿಬಿ ರ್‍ಯಾಮು, ನಾಲ್ಕು ಜಿಬಿ ಗ್ರಾಫಿಕ್ಸ್ ಕಾರ್ಡು. ಕ್ಯಾಬಿನೆಟ್ಟಿಗೆ ಲೈಟೂ ಇದೆ, ಏಳು ಬಣ್ಣ ಬರುತ್ತೆ."

"ಯಾವ ಐ7?"

"ಐ7 ಅಂದ್ರೆ ಐ7 ಕಣಣ್ಣ. ಐ5ಗಿಂತ ದೊಡ್ಡದು."

ಫೋಟೋ ಕಳಿಸೋ ಅಂದೆ. ಕಳಿಸಿದ. ಐ7-2600. ಅದು ಮಾರುಕಟ್ಟೆಗೆ ಬಂದಿದ್ದು 2011ರ ಜನವರಿಯಲ್ಲಿ. ಆಗ ಇವನು ಅಂಗನವಾಡಿಯಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದ. ಗ್ರಾಫಿಕ್ಸ್ ಕಾರ್ಡು ಜಿಟಿ 730, ಅದು 2014ರ ಮಾಲು. ಜಿಟಿಎ 5 ಹಾಕಿದರೆ ಕಾರು ಓಡೋ ಬದಲು ಕುಂಟುತ್ತಿತ್ತಂತೆ. "ಸೆಟ್ಟಿಂಗ್ಸ್ ಏನಾದ್ರೂ ತಪ್ಪಾಗಿದ್ಯಾ ಅಣ್ಣಾ?" ಅಂತ ಕೇಳಿದ. ತಪ್ಪಾಗಿರೋದು ಸೆಟ್ಟಿಂಗ್ಸ್ ಅಲ್ಲ ಅಂತ ಹೇಳೋಕೆ ನನಗೆ ಬಾಯೇ ಬರಲಿಲ್ಲ.

ಹಳೇ ಸಾಮಾನು ಮಾರೋದು ತಪ್ಪು ಅಂತ ನಾನು ಹೇಳ್ತಿಲ್ಲ. ಹಳೇದು ಅಂತ ಹೇಳದೇ ಮಾರೋದು ತಪ್ಪು. ಈ ಮೋಸ ನಡೆಯೋದು ಸುಳ್ಳು ಹೇಳಿ ಅಲ್ಲ ನೋಡಿ, ಅರ್ಧ ನಿಜ ಹೇಳಿ. ಐ7 ಅನ್ನೋದು ನಿಜ. ಅದರ ಮುಂದಿನ ಸಂಖ್ಯೆಯನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳಲ್ಲ. 2600 ಅಂದರೆ ಎರಡನೇ ತಲೆಮಾರು, 12100 ಅಂದರೆ ಹನ್ನೆರಡನೇ ತಲೆಮಾರು. 2022ರಲ್ಲಿ ಬಂದ ಐ3-12100ರಲ್ಲೂ ಅದೇ ನಾಲ್ಕು ಕೋರು, ಎಂಟು ಥ್ರೆಡ್ಡು. ಆದರೂ ಆ 'ಚಿಕ್ಕ' ಐ3 ಈ 'ದೊಡ್ಡ' ಐ7 ಅನ್ನು ಎಲ್ಲೋ ಹಿಂದೆ ಬಿಟ್ಟು ಹೋಗುತ್ತೆ. ಸಾಲದ್ದಕ್ಕೆ ವಿಂಡೋಸ್ 11ಕ್ಕೆ ಇಂಟೆಲ್‌ನ ಸುಮಾರು ಎಂಟನೇ ತಲೆಮಾರಿನಿಂದ ಈಚೆಯದೇ ಬೇಕು. ವಿಂಡೋಸ್ 10ರ ಮಾಮೂಲಿ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗೀತು. ಅಂದರೆ ಹುಡುಗ ಕೊಂಡಿದ್ದು ಐದು ತಿಂಗಳು ಆಯುಸ್ಸು ಉಳಿದಿದ್ದ ಮೆಷೀನು.

ಗ್ರಾಫಿಕ್ಸ್ ಕಾರ್ಡಿನ ಕಥೆಯೂ ಅದೇ. ನಾಲ್ಕು ಜಿಬಿ ಅಂದರೆ ತೊಟ್ಟಿ ಎಷ್ಟು ದೊಡ್ಡದು ಅಂತ ಅಷ್ಟೇ. ನಲ್ಲಿಯಲ್ಲಿ ನೀರು ಎಷ್ಟು ಜೋರಾಗಿ ಬರುತ್ತೆ ಅನ್ನೋದು ಬೇರೆ ಲೆಕ್ಕ. ಇದಕ್ಕೆ ಒಳ್ಳೇ ಉದಾಹರಣೆ ಜಿಟಿ 1030. 2017ರಲ್ಲಿ ಬಂದಾಗ ಅದರ ಮೆಮೊರಿ ಸೆಕೆಂಡಿಗೆ 48 ಜಿಬಿ ಹರಿಸುತ್ತಿತ್ತು. 2018ರಲ್ಲಿ ಅದೇ ಹೆಸರಿನಲ್ಲಿ ಡಿಡಿಆರ್4 ಮೆಮೊರಿ ಹಾಕಿದ ಇನ್ನೊಂದು ಬಂತು. ಅದು ಹರಿಸೋದು 16.8 ಜಿಬಿ ಮಾತ್ರ. ಎರಡರಲ್ಲೂ ಇರೋದು 2 ಜಿಬಿಯೇ. ಹೆಸರು ನೋಡಿ ಕೊಂಡವನು ಎಲ್ಲಿಗೆ ಹೋಗಬೇಕು ಹೇಳಿ?

ದುಡ್ಡಿದ್ದವನು ತಪ್ಪು ಸಾಮಾನು ಕೊಂಡರೆ ಇನ್ನೊಂದು ಕೊಳ್ತಾನೆ. ಎರಡು ರಜೆ ದುಡಿದು ಕೊಂಡವನಿಗೆ ಇನ್ನೊಂದು ರಜೆ ಎಲ್ಲಿಂದ ಬರುತ್ತೆ? ಅದಕ್ಕೇ ದುಡ್ಡು ಕಡಿಮೆ ಇದ್ದವನಿಗೇ ಈ ವಿಷಯದಲ್ಲಿ ಜಾಸ್ತಿ ತಿಳಿವಳಿಕೆ ಬೇಕು ಅನ್ನೋದು ನನ್ನ ವಾದ.

ಹಾಗಾದ್ರೆ ಏನು ಮಾಡಬೇಕು? ನಮ್ಮ ಊರುಗಳಲ್ಲಿ ಮನೆ ಕಟ್ಟೋದನ್ನ ನೋಡಿದ್ದೀರಲ್ಲ. ದುಡ್ಡು ಇರೋಷ್ಟಕ್ಕೆ ಕೆಳಗಿನ ಮನೆ ಕಟ್ಟಿ, ತಾರಸಿ ಮೇಲೆ ಕಂಬಿಗಳನ್ನು ಹಾಗೇ ಬಿಟ್ಟಿರ್ತಾರೆ. ಮಗನಿಗೆ ಕೆಲಸ ಸಿಕ್ಕ ಮೇಲೆ ಮಹಡಿ ಏಳುತ್ತೆ. ಕಡಿಮೆ ಬಜೆಟ್ಟಿನ ಪೀಸಿಯನ್ನೂ ಹೀಗೇ ಕಂಬಿ ಬಿಟ್ಟು ಕಟ್ಟಬೇಕು. ಇರೋ ದುಡ್ಡಲ್ಲಿ ಒಂದೇ ಸಲ 'ಎಲ್ಲಾ ಇರೋ' ಪೀಸಿ ಕೊಳ್ಳೋಕೆ ಹೋದರೆ ಎಲ್ಲವೂ ಕಳಪೆಯೇ ಸಿಗೋದು.

ಅಡಿಪಾಯ ಅಂದರೆ ಮೊದಲನೆಯದು ಎಸ್‌ಎಂಪಿಎಸ್. ಯಾರ ಕಣ್ಣಿಗೂ ಬೀಳದ ಡಬ್ಬಿ. ಇದರ ಬಗ್ಗೆ ನಾನು ಪಾಠ ಕಲಿತಿದ್ದು ಇಂಜಿನಿಯರಿಂಗ್ ಕೊನೇ ವರ್ಷದಲ್ಲಿ. ಕಾರ್ಡಿಗೆ ಹತ್ತು ಸಾವಿರ ಸುರಿದು, ಕ್ಯಾಬಿನೆಟ್ ಜೊತೆ ಪುಕ್ಕಟೆ ಬಂದ ಎಸ್‌ಎಂಪಿಎಸ್ ಅನ್ನೇ ಇಟ್ಟುಕೊಂಡಿದ್ದೆ. ಏಪ್ರಿಲ್‌ನ ಒಂದು ರಾತ್ರಿ ಕರೆಂಟ್ ಹೋಗಿ ಬಂತು. 'ಟಪ್' ಅಂತ ಸದ್ದು, ಆಮೇಲೆ ಸುಟ್ಟ ವಾಸನೆ. ಮದರ್‌ಬೋರ್ಡ್ ಹೋಯ್ತು, ಹಾರ್ಡ್ ಡಿಸ್ಕೂ ಹೋಯ್ತು, ಅದರ ಜೊತೆ ಪ್ರಾಜೆಕ್ಟ್ ರಿಪೋರ್ಟೂ ಹೋಯ್ತು. ಬ್ಯಾಕಪ್ ಇರಲಿಲ್ವಾ ಅಂತ ದಯವಿಟ್ಟು ಕೇಳಬೇಡಿ :-)

ಎಸ್‌ಎಂಪಿಎಸ್ ಗೋಡೆಯಿಂದ ಬರೋ 230 ವೋಲ್ಟ್ ಎಸಿಯನ್ನು 12, 5, 3.3 ವೋಲ್ಟ್ ಡಿಸಿ ಮಾಡಿ ಕೊಡುತ್ತೆ. ಈಗಿನ ಪ್ರೊಸೆಸರು, ಗ್ರಾಫಿಕ್ಸ್ ಕಾರ್ಡು ಎರಡೂ ಹೆಚ್ಚುಕಮ್ಮಿ ಎಲ್ಲ ವಿದ್ಯುತ್ತನ್ನೂ 12 ವೋಲ್ಟ್ ಲೈನಿನಿಂದಲೇ ಎಳೆಯೋದು. ಹಾಗಾಗಿ ಪೆಟ್ಟಿಗೆ ಮೇಲಿನ ದಪ್ಪ ಅಕ್ಷರ ಬಿಡಿ, ಪಕ್ಕದ ಸ್ಟಿಕ್ಕರ್ ಓದಿ. 12 ವೋಲ್ಟಿನ ಕೆಳಗೆ ಎಷ್ಟು ಆಂಪಿಯರ್ ಅಂತ ಬರೆದಿದೆ ನೋಡಿ, 12ರಿಂದ ಗುಣಿಸಿ. ತಮ್ಮನ ಪೀಸಿಯ '450 ವ್ಯಾಟ್' ಡಬ್ಬಿಯಲ್ಲಿ ಇದ್ದಿದ್ದು 15 ಆಂಪಿಯರ್. 12 ಇಂಟು 15, ನೂರಾ ಎಂಬತ್ತು ವ್ಯಾಟ್! ಒಳ್ಳೇ 550 ವ್ಯಾಟಿನದರಲ್ಲಿ 45 ಆಂಪಿಯರ್ ಇರುತ್ತೆ, ಅಂದರೆ 540 ವ್ಯಾಟ್. ಐದನೇ ಕ್ಲಾಸಿನ ಲೆಕ್ಕ ಇದು. ಇನ್ನೊಂದು ಮಾತು, 80 ಪ್ಲಸ್ ಮುದ್ರೆ ಎಳೆದ ವಿದ್ಯುತ್ತಿನಲ್ಲಿ ಎಷ್ಟು ಪೋಲಾಗುತ್ತೆ ಅನ್ನೋದನ್ನ ಮಾತ್ರ ಹೇಳೋದು. ಒಳಗಿನ ಸಾಮಾನು ಗಟ್ಟಿ ಅನ್ನೋದಕ್ಕೆ ಅದು ಗ್ಯಾರಂಟಿ ಅಲ್ಲ. ವಾರಂಟಿ ಎಷ್ಟು ವರ್ಷ ಅಂತಲೂ ಕೇಳಿ.

ಎರಡನೆಯದು ಮದರ್‌ಬೋರ್ಡು. ಕಂಬಿ ಇರೋದು ಇಲ್ಲೇ. ತಮ್ಮನ ಐ7 ಕೂತಿದ್ದ ಸಾಕೆಟ್ಟಿಗೆ ಎರಡನೇ, ಮೂರನೇ ತಲೆಮಾರು ಬಿಟ್ಟರೆ ಮುಂದೆ ದಾರಿಯೇ ಇಲ್ಲ. ಎಎಂಡಿಯ ಎಎಂ4 ಸಾಕೆಟ್ಟಿನಲ್ಲಿ 2017ರಿಂದ ರೈಜನ್‌ಗಳು ಬಂದವು, 2022ರಲ್ಲೂ ಹೊಸದು ಬಂದವು. 2022ರಲ್ಲೇ ಬಂದ ಎಎಂ5 ಇನ್ನೂ ಮುಂದಿನ ಹಾದಿ, ಆದರೆ ಅದಕ್ಕೆ ಡಿಡಿಆರ್5 ರ್‍ಯಾಮೇ ಬೇಕು, ಖರ್ಚು ಮೇಲೇರುತ್ತೆ. ಚಿಕ್ಕ ಜೇಬಿಗೆ ಎಎಂ4 ಸಾಕು ಅಂತ ನಾನು ಮತ್ತು ತಮ್ಮ ತೀರ್ಮಾನ ಮಾಡಿದೆವು.

ಮೊದಲ ಹಂತದಲ್ಲಿ ಗ್ರಾಫಿಕ್ಸ್ ಕಾರ್ಡನ್ನೇ ಕೊಳ್ಳಲಿಲ್ಲ! ರೈಜನ್ 5 5600ಜಿ ತಗೊಂಡೆವು. ಆರು ಕೋರಿನ ಇದರ ಹೊಟ್ಟೆಯೊಳಗೇ ಗ್ರಾಫಿಕ್ಸ್ ಇದೆ. ಹುಡುಗರು ಆಡೋ ವ್ಯಾಲೊರಂಟ್‌ಗೆ ಧಾರಾಳವಾಯ್ತು. ಈ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ರ್‍ಯಾಮನ್ನೇ ಹಂಚಿಕೊಳ್ಳುತ್ತೆ. ಅದಕ್ಕೇ ಹದಿನಾರು ಜಿಬಿಯದು ಒಂದು ಹಾಕೋ ಬದಲು ಎಂಟೆಂಟರ ಎರಡು ಹಾಕಿ, ಬಯಾಸ್‌ಗೆ ಹೋಗಿ ಎಕ್ಸ್‌ಎಂಪಿ ಆನ್ ಮಾಡಬೇಕು. ಇದನ್ನು ಮಾಡದೇ 'ಎಎಂಡಿ ಸ್ಲೋ' ಅಂತ ಬೈಯೋರು ಬೇಕಾದಷ್ಟು ಜನ ಇದ್ದಾರೆ. 5600ಜಿಯಲ್ಲಿ ಒಂದು ರಾಜಿ ಇದೆ, ಅದನ್ನೂ ಹೇಳಿಬಿಡ್ತೀನಿ. ಬರೀ 5600ರಲ್ಲಿ 32 ಎಂಬಿ ಎಲ್3 ಕ್ಯಾಶ್ ಇದ್ದರೆ ಇದರಲ್ಲಿ 16 ಮಾತ್ರ. ಮುಂದೆ ದೊಡ್ಡ ಕಾರ್ಡು ಹಾಕಿದಾಗ ಸ್ವಲ್ಪ ಹಿಂದೆ ಬೀಳುತ್ತೆ. ಆದರೆ ಆರು ತಿಂಗಳು ಕಾರ್ಡಿಲ್ಲದೆ ಆಡಬಹುದಲ್ಲ, ಆ ಲಾಭದ ಮುಂದೆ ಈ ನಷ್ಟ ಏನೂ ಅಲ್ಲ.

ದೀಪಾವಳಿಗೆ ಬೆಂಗಳೂರಿಗೆ ಬಂದ. ಸೆಕೆಂಡ್ ಹ್ಯಾಂಡ್ ಆರ್‌ಎಕ್ಸ್ 6600 ಹುಡುಕಿದೆವು. 8 ಜಿಬಿ, 132 ವ್ಯಾಟ್, 1080ಪಿಗೆ ಚೆನ್ನಾಗಿ ಸಾಕು. ಸೆಕೆಂಡ್ ಹ್ಯಾಂಡ್ ಕಾರ್ಡು ಅಂದ ಕೂಡಲೇ 'ಮೈನಿಂಗ್‌ನಲ್ಲಿ ಬೆಂದ ಕಾರ್ಡು' ಅಂತ ಹೆದರಿಸೋರಿದ್ದಾರೆ. ಇಥೀರಿಯಂ ಮೈನಿಂಗ್ ನಿಂತಿದ್ದು 2022ರ ಸೆಪ್ಟೆಂಬರ್ 15ಕ್ಕೆ. ಬೆಂದ ಕಾರ್ಡು ಇರಬಹುದು, ಆದರೆ ಪರೀಕ್ಷೆ ಮಾಡೋಕೆ ಬರುತ್ತಲ್ಲ. ಮಾರೋನ ಮನೆಯಲ್ಲೇ ಅರ್ಧ ಗಂಟೆ ಗೇಮ್ ಓಡಿಸಿ, ಬಿಸಿ ಎಷ್ಟಾಗುತ್ತೆ, ಫ್ಯಾನು ಕಿರುಗುಟ್ಟುತ್ತಾ ನೋಡಿ. ಜಿಪಿಯು-ಝಡ್ ಹಾಕಿ ಹೆಸರಿನ ಹಿಂದಿರೋ ಚಿಪ್ಪು ಅಸಲಿಯೋ ನೋಡಿ. ಬಿಲ್ ಕೇಳಿ. ಒಪ್ಪದಿದ್ದರೆ ಕಾಫಿ ಕುಡಿದು ವಾಪಸ್ ಬನ್ನಿ. ಕಾರ್ಡು, ಪ್ರೊಸೆಸರು ಹಳೇದು ಕೊಳ್ಳಬಹುದು. ಹಳೇ ಎಸ್‌ಎಂಪಿಎಸ್ ಮಾತ್ರ ಕೊಳ್ಳಬೇಡಿ, ಅದಕ್ಕೆ ಎಷ್ಟು ವಯಸ್ಸಾಗಿದೆ ಅನ್ನೋದು ಅದು ಸಾಯೋ ದಿನವೇ ಗೊತ್ತಾಗೋದು.

'ಹಂತ ಹಂತವಾಗಿ ಅಂದ್ರೆ ಅಷ್ಟರಲ್ಲಿ ಬೆಲೆ ಏರಿದ್ರೆ?' ಅಂತ ಕೇಳ್ತೀರೇನೋ. ನ್ಯಾಯವಾದ ಪ್ರಶ್ನೆ. 2025ರ ಕೊನೆಗೆ ಎಐ ಡೇಟಾ ಸೆಂಟರುಗಳು ಮೆಮೊರಿಯನ್ನೆಲ್ಲ ಬಾಚಿಕೊಂಡು ರ್‍ಯಾಮ್ ಬೆಲೆ ಗಗನಕ್ಕೇರಿತು. ಮೇ ತಿಂಗಳಲ್ಲೇ ಕೊಂಡಿದ್ದರಿಂದ ತಮ್ಮ ಬಚಾವಾದ. ಅದು ಜಾಣತನ ಅಲ್ಲ, ಅದೃಷ್ಟ. ಆದರೆ ಬೆಲೆ ಏರುತ್ತೆ ಅನ್ನೋ ಭಯಕ್ಕೆ ಕಳಪೆಯದನ್ನು ಕೊಂಡರೆ ಅದು ಎರಡು ಸಲ ಕೊಂಡ ಲೆಕ್ಕ.

ಚಿಕ್ಕಪ್ಪನ ಪ್ರಶ್ನೆ ಬೇರೆ ಇತ್ತು. "ಆಟಕ್ಕೆ ಇಷ್ಟು ದುಡ್ಡಾ?" ಇದರಲ್ಲೇ ಕೋರೆಲ್ ಡ್ರಾ ಓಡುತ್ತೆ, ಫ್ಲೆಕ್ಸ್ ಡಿಸೈನ್ ಮನೆಯಲ್ಲೇ ಮಾಡ್ತಾನೆ ಅಂತೆಲ್ಲ ಹೇಳಿ ಒಪ್ಪಿಸಿದೆ. ಸುಳ್ಳೇನಲ್ಲ, ಈಗ ಮಾಡ್ತಿದ್ದಾನೆ ಕೂಡ. ಆದರೂ ಒಳಗೊಳಗೇ ಬೇಜಾರಾಯ್ತು. ಇಪ್ಪತ್ತು ಸಾವಿರದ ಮೊಬೈಲು ತಗೊಂಡರೆ ಯಾರೂ ಕಾರಣ ಕೇಳಲ್ಲ. ಸ್ವಂತ ದುಡಿಮೆಯಲ್ಲಿ ಆಟ ಆಡೋಕೆ ಅಂತಲೇ ಹುಡುಗನೊಬ್ಬ ಪೀಸಿ ಕೊಂಡರೆ ತಪ್ಪೇನು?

ಆ ಹಳೇ ಐ7 ಏನಾಯ್ತು ಅಂತೀರಾ? ಅಂಗಡಿಯವನು ವಾಪಸ್ ತಗೊಳ್ಳಲಿಲ್ಲ. ಬಣ್ಣದ ಕ್ಯಾಬಿನೆಟ್ಟು, ಎಸ್‌ಎಸ್‌ಡಿ, ಕೀಬೋರ್ಡು ಉಳಿಸಿಕೊಂಡೆವು. ಎಸ್‌ಎಂಪಿಎಸ್ ಗುಜರಿಗೆ ಹೋಯ್ತು. ಪ್ರೊಸೆಸರು, ಬೋರ್ಡು, ರ್‍ಯಾಮು, ಕಾರ್ಡನ್ನು ಅದೇ ಊರಿನ ಜೆರಾಕ್ಸ್ ಅಂಗಡಿಯೊಬ್ಬರು ಕೇಳಿದರು. ಲಿನಕ್ಸ್ ಹಾಕಿಕೊಂಡು ಬಿಲ್ ಹೊಡೆಯೋಕೆ ಅದು ಚೆನ್ನಾಗೇ ಇದೆ. ಏಳು ಸಾವಿರಕ್ಕೆ ಮಾತಾಗಿತ್ತು. ದುಡ್ಡು ಎಣಿಸೋ ಹೊತ್ತಿಗೆ ತಮ್ಮ ಬಾಯಿಬಿಟ್ಟ.

"ಸಾರ್, ಇದು 2011ರ ಐ7. ಹೊಸದಲ್ಲ."

ಅವರು ಐದು ಸಾವಿರ ಕೊಟ್ಟರು. ಬೈಕಲ್ಲಿ ವಾಪಸ್ ಬರುವಾಗ "ಎರಡು ಸಾವಿರ ಹೋಯ್ತಲ್ಲೋ" ಅಂದೆ.

"ಹೋಗ್ಲಿ ಬಿಡಣ್ಣ. ನಂಗೂ ಯಾರಾದ್ರೂ ಹೇಳಿದ್ದಿದ್ರೆ ಚೆನ್ನಾಗಿರ್ತಿತ್ತು."

ಹಾರ್ಡ್‌ವೇರ್ ಬಗ್ಗೆ ಗೊತ್ತಿರೋ ಗೆಳೆಯರು ನಿಮ್ಮಲ್ಲಿ ಬಹಳ ಜನ ಇದ್ದೀರಿ. ಕನ್ನಡದಲ್ಲಿ ಬರೀರಪ್ಪ. ತಿಪಟೂರಿನ ಹುಡುಗನೊಬ್ಬ ಅಂಗಡಿಗೆ ಹೋಗೋ ಮುಂಚೆ ಓದಲಿ.