‘ಬಿಡ್ತು’ ಅನ್ನುವ ಮೊದಲು

ರಿಸರ್ವ್ ಬ್ಯಾಂಕಿನ ಲೆಕ್ಕದ ಪ್ರಕಾರ 2024ರ ಮಾರ್ಚ್ ಕೊನೆಗೆ ಯಾರೂ ಕೇಳಿಕೊಂಡು ಬಾರದ ಠೇವಣಿ 78,213 ಕೋಟಿ ರೂಪಾಯಿ. ಹತ್ತು ವರ್ಷ ಯಾರೂ ಮುಟ್ಟದ ಖಾತೆಗಳ ಹಣ ಬ್ಯಾಂಕುಗಳಿಂದ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗಿ ಸೇರುತ್ತದೆ. ಮಾಲೀಕರೇ ಮರೆತ ಖಾತೆಗಳೂ ಅದರಲ್ಲಿವೆ, ನಿಜ. ಆದರೆ ಕೂಡಿಟ್ಟವರು ತೀರಿಕೊಂಡು, ಸುಳಿವು ಮನೆಯವರಿಗೆ ಸಿಗದೆ ಉಳಿದ ದುಡ್ಡೂ ಅದರಲ್ಲಿದೆ. ಆಪತ್ತಿಗೆ ಉಳಿತಾಯ ಮಾಡಿ ಎಂದು ಹೇಳುವವರು ಬಹಳ. ನಾನು ಕೇಳಿಕೊಳ್ಳುವುದು ಅದಕ್ಕಿಂತ ಸುಲಭದ್ದು: ಉಳಿಸಿದ್ದು ಎಲ್ಲಿದೆಯೆಂದು ದಯವಿಟ್ಟು ಮನೆಯವರಿಗೆ ಹೇಳಿಡಿ.

ಸಾಸಿವೆ ಡಬ್ಬಿಯ ದುಡ್ಡು ತಡಕಾಡಿದರೆ ಸಿಗುತ್ತಿತ್ತು. ಈಗ ಮನೆಯ ಹಣವೆಲ್ಲ ಒಬ್ಬರ ಫೋನಿನೊಳಗೆ, ಫೋನು ಅವರ ಬೆರಳಚ್ಚಿಗೆ ಮಾತ್ರ ತೆರೆಯುವಂಥದ್ದು. ಅವರು ಐಸಿಯುನಲ್ಲಿ ಮಲಗಿದ ದಿನ, ಖಾತೆಯಲ್ಲಿ ಲಕ್ಷವಿದ್ದರೂ ಹೆಂಡತಿ ಸರ ಅಡವಿಡಲು ಓಡಬೇಕಾಗುತ್ತದೆ. ಜಂಟಿ ಖಾತೆಯೊಂದಿದ್ದರೆ ಈ ಓಟ ತಪ್ಪುತ್ತದೆ. ತೀರಿಕೊಂಡರಂತೂ, ನಾಮಿನಿ ಹೆಸರಿಲ್ಲದ ದೊಡ್ಡ ಠೇವಣಿಗಾಗಿ ವಂಶವೃಕ್ಷಕ್ಕೆ ನಾಡಕಚೇರಿ, ಉತ್ತರಾಧಿಕಾರ ಪತ್ರಕ್ಕೆ ಕೋರ್ಟು ಎಂದು ಅಲೆಯುವ ಪಾಡು. ಹಾಗೆಂದು ನಾಮಿನಿ ಬರೆಸಿದರೆ ಎಲ್ಲ ಮುಗಿಯಿತೆಂದಲ್ಲ. ಬ್ಯಾಂಕ್ ಠೇವಣಿಯಲ್ಲಿ ನಾಮಿನಿಗಿರುವುದು ಹಣ ಪಡೆದುಕೊಳ್ಳುವ ಹಕ್ಕು, ಒಡೆತನ ವಾರಸುದಾರರದ್ದು ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಯಾರಿಗೆ ಎಷ್ಟು ಎನ್ನುವುದಕ್ಕೆ ಉಯಿಲು ಬೇಕು. ಅದಕ್ಕೆ ಛಾಪಾ ಕಾಗದ ಬೇಕಿಲ್ಲ, ನೋಂದಣಿಯೂ ಕಡ್ಡಾಯವಲ್ಲ. ಬಿಳಿ ಹಾಳೆಯಲ್ಲಿ ಬರೆದು ಇಬ್ಬರು ಸಾಕ್ಷಿಗಳ ಎದುರು ಸಹಿ ಹಾಕಿ, ಅವರ ಸಹಿಯನ್ನೂ ಪಡೆದರೆ ಆಯಿತು.

ಇದೆಲ್ಲ ಉಳ್ಳವರ ಚಿಂತೆ, ದಿನದ ಕೂಲಿಯವರಿಗೇನು ಎಂದು ಕೇಳಬಹುದು. ನನಗೆ ಹೆಚ್ಚು ಆತಂಕವಿರುವುದು ಅವರ ಬಗ್ಗೆಯೇ. ಕೇಂದ್ರ ಸರ್ಕಾರದ ಜೀವನ ಜ್ಯೋತಿ ವಿಮೆಗೆ ವರ್ಷಕ್ಕೆ 436 ರೂಪಾಯಿ, ಅಪಘಾತದ ಸುರಕ್ಷಾ ವಿಮೆಗೆ 20 ರೂಪಾಯಿ ಸೇರಿದವರ ಖಾತೆಯಿಂದ ತಾನಾಗಿ ಕಡಿತವಾಗುತ್ತದೆ. ಸಾವು ಅಪಘಾತದಿಂದಾದರೆ ಒಂದೊಂದರಿಂದಲೂ, ಬೇರೆ ಕಾರಣದಿಂದಾದರೆ ಜೀವನ ಜ್ಯೋತಿಯಿಂದ ಎರಡು ಲಕ್ಷ ಬರಬೇಕು. ಆದರೆ ಮನೆಯವರು ಅರ್ಜಿ ಹಾಕದೆ ಅದು ಬರುವುದಿಲ್ಲ. ವಿಮೆ ಇರುವುದೇ ಗೊತ್ತಿಲ್ಲದವರು ಅರ್ಜಿ ಹಾಕುವುದೆಲ್ಲಿಂದ? ಮೇ ಕೊನೆಗೆ ಖಾತೆಯಲ್ಲಿ ಅಷ್ಟು ಹಣವಿರಬೇಕೆಂಬುದೂ ಮನೆಯಲ್ಲಿ ಇಬ್ಬರಿಗಾದರೂ ನೆನಪಿರಬೇಕು.

ಎಲ್ಲವನ್ನೂ ಹೇಳಿಬಿಟ್ಟರೆ ದುರುಪಯೋಗವಾಗದೇ ಎಂಬ ಅಂಜಿಕೆ ಸುಳ್ಳಲ್ಲ, ಅದರಲ್ಲೂ ವಯಸ್ಸಾದವರಿಗೆ. ಅದಕ್ಕೇ ಪಿನ್, ಪಾಸ್‌ವರ್ಡ್ ಬರೆದಿಡಬೇಡಿ. ಯಾವ ಬ್ಯಾಂಕು, ಯಾವ ಶಾಖೆ, ಯಾವ ಪಾಲಿಸಿ, ಯಾರಿಗೆ ಎಷ್ಟು ಸಾಲ ಕೊಡಬೇಕು, ಆರೋಗ್ಯ ಕಾರ್ಡು ಎಲ್ಲಿದೆ ಎಂದಷ್ಟೇ ಒಂದು ನೋಟ್‌ಬುಕ್‌ನಲ್ಲಿದ್ದರೆ ಸಾಕು. ಇನ್ನು ಸಾವಿನ ಮಾತೆತ್ತಿದರೆ ‘ಬಿಡ್ತು ಅನ್ನು’ ಎನ್ನುವ ಹಿರಿಯರ ಮನಸ್ಸು ನೋಯಿಸುವುದು ಬೇಡ. ಆ ಮಾತಿನಲ್ಲಿರುವುದು ಪ್ರೀತಿ. ಅವರೊಡನೆ ಸಾವಿನ ಬದಲು ಪಾಸ್‌ಪುಸ್ತಕದ ಮಾತಾಡಿ. ನಾಮಿನಿ ಕಾಲಂ ಖಾಲಿಯಿದೆಯೇ ನೋಡೋಣ ಎನ್ನಿ.

ತೀರಿಕೊಂಡ ಹಿರಿಯರ ಹೆಸರನ್ನು ರಿಸರ್ವ್ ಬ್ಯಾಂಕಿನ ‘ಉದ್ಗಮ್’ ಪೋರ್ಟಲ್‌ನಲ್ಲಿ ಒಮ್ಮೆ ಹುಡುಕಿ ನೋಡಿ. ನಿಧಿಗೆ ಹೋಗಿ ಸೇರಿದ್ದರೂ, ದಾಖಲೆ ಕೊಟ್ಟ ವಾರಸುದಾರರಿಗೆ ಬ್ಯಾಂಕು ಆ ಹಣವನ್ನು ಹಿಂದಿರುಗಿಸಲೇಬೇಕು.