ಹಗಲು ತೂಕಡಿಕೆಗೆ ಬೆಳಕಿನ ಮದ್ದು

ಪಾರ್ಕಿನ್ಸನ್ ಕಾಯಿಲೆ ಎಂದೊಡನೆ ನೆನಪಾಗುವುದು ನಡುಗುವ ಕೈ. 1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಇದರ ಲಕ್ಷಣಗಳನ್ನು ಕಿರುಪುಸ್ತಕವೊಂದರಲ್ಲಿ ವಿವರಿಸಿದ. ಮೆದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕವನ್ನು ತಯಾರಿಸುವ ನರಕೋಶಗಳು ಕ್ರಮೇಣ ನಶಿಸುವುದರಿಂದ ನಡುಕ, ಸ್ನಾಯುಗಳ ಬಿಗಿತ, ನಿಧಾನ ನಡಿಗೆ ಉಂಟಾಗುತ್ತವೆ.

ಕಣ್ಣಿಗೆ ಕಾಣದ ತೊಂದರೆಗಳೂ ಇವೆ. ವಾಸನೆ ತಿಳಿಯದಿರುವುದು, ಮಲಬದ್ಧತೆ, ಮಂಕು ಕವಿದ ಮನಸ್ಸು, ರಾತ್ರಿ ನಿದ್ರೆಗೇಡು, ಹಗಲೆಲ್ಲ ತೂಕಡಿಕೆ. ಇವುಗಳಲ್ಲಿ ಕೆಲವು ನಡುಕಕ್ಕಿಂತ ಎಷ್ಟೋ ವರ್ಷ ಮೊದಲೇ ತಲೆದೋರಬಹುದು. ಈ ಕಾಯಿಲೆಯಿರುವ ಅಜ್ಜ ಮಾತಿನ ನಡುವೆಯೇ ಕಣ್ಣು ಮುಚ್ಚಿದರೆ ಮನೆಯವರು ಗದರುವುದುಂಟು. ಅದು ಸೋಮಾರಿತನವಲ್ಲ, ಕಾಯಿಲೆಯದೇ ಒಂದು ಭಾಗ.

ಇದಕ್ಕೂ ಬೆಳಕಿಗೂ ಏನು ಸಂಬಂಧ? ಮೆದುಳಿನಲ್ಲೊಂದು ಗಡಿಯಾರವಿದೆ. ಎರಡು ಕಣ್ಣುಗಳ ನರಗಳು ಒಂದನ್ನೊಂದು ಹಾಯುವ ಜಾಗದ ತುಸು ಮೇಲಿರುವ ಪುಟ್ಟ ನರಕೋಶಗಳ ಗುಂಪೇ ಅದು. ಅಕ್ಷಿಪಟಲದ ಕೆಲವು ವಿಶೇಷ ಕೋಶಗಳು ಬೆಳಕನ್ನು ಗ್ರಹಿಸಿ ಈ ಗಡಿಯಾರಕ್ಕೆ ಸುದ್ದಿ ಮುಟ್ಟಿಸುತ್ತವೆ. ಆಗ ದೇಹವನ್ನು ನಿದ್ರೆಗೆ ಅಣಿಗೊಳಿಸುವ ಮೆಲಟೊನಿನ್ ತಗ್ಗುತ್ತದೆ, ಕತ್ತಲಾದಾಗ ಏರುತ್ತದೆ. ಪಾರ್ಕಿನ್ಸನ್ ರೋಗಿಗಳಲ್ಲಿ ಈ ಏರಿಳಿತ ಮಂದವಾಗಿರುವುದು ಕಂಡುಬಂದಿದೆ. ಸದಾ ಮನೆಯೊಳಗೇ ಕುಳಿತರೆ ಗಡಿಯಾರಕ್ಕೆ ಸಿಗುವ ಸುದ್ದಿಯೂ ಕಡಿಮೆ.

ಅಮೆರಿಕದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 31 ರೋಗಿಗಳಿದ್ದರು. ಒಂದು ಗುಂಪಿನವರು 10,000 ಲಕ್ಸ್ ಪ್ರಖರತೆಯ ದೀಪದ ಮುಂದೆ ದಿನಕ್ಕೆ ಎರಡು ಬಾರಿ, ಒಂದೊಂದು ಗಂಟೆಯಂತೆ 14 ದಿನ ಕುಳಿತರು. ಇನ್ನೊಂದು ಗುಂಪಿಗೆ 300 ಲಕ್ಸ್‌ಗೂ ಕಡಿಮೆಯ ಮಂದ ಕೆಂಪು ಬೆಳಕು. 24 ಅಂಕಗಳ ತೂಕಡಿಕೆಯ ಅಳತೆಯಲ್ಲಿ ಮೊದಲ ಗುಂಪಿನ ಸರಾಸರಿ ಸುಮಾರು 16ರಿಂದ 11ಕ್ಕೆ ಇಳಿಯಿತು. ಎರಡನೆಯ ಗುಂಪಿನಲ್ಲಿಯೂ ಎರಡಂಕದಷ್ಟು ಇಳಿಯಿತು.

ಮಂದ ಬೆಳಕಿನ ಗುಂಪು ಏಕೆ ಬೇಕಿತ್ತು? ಚಿಕಿತ್ಸೆ ಸಿಗುತ್ತಿದೆ ಎಂಬ ನಂಬಿಕೆಯಿಂದಲೇ ಒಂದಷ್ಟು ಗುಣ ಕಾಣುವುದುಂಟು. ಹೋಲಿಸಿ ನೋಡಿದಾಗ ಮಾತ್ರ ಬೆಳಕಿನ ನಿಜವಾದ ಪಾಲು ತಿಳಿಯುತ್ತದೆ. ವಿದ್ಯಾರ್ಥಿಗಳು ಗಮನಿಸಬೇಕಾದ ಅಂಶವಿದು.

ಪ್ರಯೋಗ ಚಿಕ್ಕದು. ಬೆಳಕು ಕಾಯಿಲೆಯನ್ನು ವಾಸಿಮಾಡುವುದಿಲ್ಲ. ವೈದ್ಯರು ಕೊಟ್ಟ ಮಾತ್ರೆ ನಿಲ್ಲಿಸಬಾರದು. ಕಣ್ಣಿನ ಕಾಯಿಲೆಯಿದ್ದವರು ವೈದ್ಯರನ್ನು ಕೇಳದೆ ಇಂಥ ದೀಪ ಬಳಸಬಾರದು. ಸೂರ್ಯನನ್ನು ಯಾರೂ ನೇರವಾಗಿ ದಿಟ್ಟಿಸಬಾರದು.

ಕೋಣೆಯೊಳಗಿನ ಬೆಳಕು ಸಾಮಾನ್ಯವಾಗಿ ಕೆಲವು ನೂರು ಲಕ್ಸ್. ಹಗಲಲ್ಲಿ ಹೊರಗೆ ನೆರಳಿನಲ್ಲೂ ಸಾವಿರಾರು ಲಕ್ಸ್ ಇರುತ್ತದೆ. ಬೆಳಿಗ್ಗೆ ಅಜ್ಜನ ಕೈ ಹಿಡಿದು ಅಂಗಳದಲ್ಲಿ ನಾಲ್ಕು ಹೆಜ್ಜೆ ಹಾಕಿಸುವುದಕ್ಕೆ ಖರ್ಚಿಲ್ಲ. ಗದರುವ ಬದಲು ಮೊಮ್ಮಕ್ಕಳು ಈ ಕೆಲಸ ವಹಿಸಿಕೊಳ್ಳಬಹುದು.