ಶನಿಯ ದಿನಮಾನ

ಶನಿಗ್ರಹದ ಒಂದು ದಿನವೆಂದರೆ 10 ಗಂಟೆ 39 ನಿಮಿಷ 24 ಸೆಕೆಂಡು ಎಂದು ಪುಸ್ತಕಗಳು ಬಹುಕಾಲ ಹೇಳಿಕೊಂಡು ಬಂದುವು. ಈ ಅಂಕಿಯನ್ನು ಒಪ್ಪಿಕೊಂಡ ನಾವು, ಅಳೆದುದು ಯಾವುದನ್ನು ಎಂದು ಕೇಳಲಿಲ್ಲ.

ಭೂಮಿಯ ಧ್ರುವಪ್ರದೇಶಗಳಲ್ಲಿ ರಾತ್ರಿ ಬೆಳಗುವ ಧ್ರುವಪ್ರಭೆಯು ಗುರು ಶನಿಗಳಲ್ಲಿಯೂ ಉಂಟು. ಕಾಂತಕ್ಷೇತ್ರದ ರೇಖೆಗಳನ್ನು ಸುತ್ತುತ್ತ ಧಾವಿಸುವ ಎಲೆಕ್ಟ್ರಾನುಗಳು ಅಲ್ಲಿ ಬೆಳಕನ್ನಲ್ಲದೆ ರೇಡಿಯೋ ಅಲೆಗಳನ್ನೂ ಹೊಮ್ಮಿಸುವುವು. ಗುರುವಿನ ಈ ಸದ್ದನ್ನು (ಸದ್ದೆಂಬುದು ಗ್ರಾಹಕಯಂತ್ರದ ಮಾತು) 1955ರಲ್ಲಿ ಅಮೆರಿಕದ ಬರ್ಕ್ ಮತ್ತು ಫ್ರಾಂಕ್ಲಿನ್ ಗುರುತಿಸಿದರು. ಬಳಿಕ ಆಸ್ಟ್ರೇಲಿಯದ ಶೇನ್ 1950-51ರ ಹಳೆಯ ದಾಖಲೆಗಳನ್ನು ತೆಗೆದು ನೋಡಲು, ಅದು ಅಲ್ಲಿಯೂ ಇದ್ದಿತು! ಭೂಮಿಯದೇ ಗದ್ದಲವೆಂದು ಬದಿಗಿಟ್ಟಿದ್ದರು, ಅಷ್ಟೆ.

ಬಿಡಿ ಬಿಡಿಯಾಗಿ ನೋಡಿದರೆ ಆ ಸದ್ದಿಗೆ ಕ್ರಮವೇ ಇಲ್ಲ. 1964ರಲ್ಲಿ ಬಿಗ್ ಎಂಬ ವಿಜ್ಞಾನಿ ದಾಖಲೆಗಳನ್ನು ಉಪಗ್ರಹಗಳ ಸ್ಥಾನಗಳೊಡನೆ ಹೊಂದಿಸಿ ಎಣಿಸಿದರು. ಅಯೋ ಎಂಬ ಉಪಗ್ರಹವು, ನಮಗೆ ಗುರುವಿನ ಹಿಂದೆ ಕಾಣುವ ಸ್ಥಾನದಿಂದ ಸುಮಾರು 90 ಅಥವಾ 240 ಡಿಗ್ರಿ ಸರಿದಿರುವಾಗ ಸದ್ದು ಕೇಳುವ ಸಂಭವ ಬಹಳ ಹೆಚ್ಚೆಂದು ತಿಳಿಯಿತು. ಅಯೋ ಗುರುವಿನ ಕಾಂತಕ್ಷೇತ್ರದಲ್ಲಿ ವಿದ್ಯುಜ್ಜನಕದಂತೆ ವರ್ತಿಸುವುದೆಂಬ ಪ್ರಸಿದ್ಧ ವಿವರಣೆ ಬಂದುದು 1969ರಲ್ಲಿ. ಎಣಿಕೆಯು ಗುಮಾಸ್ತೆಯ ಕೆಲಸವೆಂದು ಮೂಗು ಮುರಿಯುವವರು ಇದನ್ನು ನೆನೆಯಬೇಕು.

ಶನಿಯ ಕಥೆ ಬೇರೆ. ಮೇಲಿನ ಅಂಕಿಯು 1980ರಲ್ಲಿ ವಾಯೇಜರ್ ಕೇಳಿದ ರೇಡಿಯೋ ಸದ್ದು ಮರುಕಳಿಸುವ ಅವಧಿ. ಕಾಂತಕ್ಷೇತ್ರವು ಗ್ರಹದ ಒಡಲಲ್ಲಿ ಬೇರೂರಿರುವುದರಿಂದ, ಸದ್ದಿನ ಆವರ್ತವೇ ಒಡಲಿನ ಆವರ್ತವೆಂದು ಭಾವಿಸಿದರು. ಕ್ಯಾಸಿನಿ ನೌಕೆಯು 2004ರಲ್ಲಿ ಸಮೀಪಿಸಿದಾಗ ಅದೇ ಅವಧಿ ಸುಮಾರು 10 ಗಂಟೆ 45 ನಿಮಿಷವಾಗಿದ್ದಿತು. ಭೂಮಿಯ 95 ಪಾಲು ತೂಕದ ಗೋಳವು 24 ವರ್ಷಗಳಲ್ಲಿ ಆರು ನಿಮಿಷ ನಿಧಾನಿಸಿತೆ? ಸಾಧ್ಯವಿಲ್ಲ. ಮುಂದೆ, ಉತ್ತರ ದಕ್ಷಿಣಗಳ ಸದ್ದುಗಳಿಗೆ ಬೇರೆ ಬೇರೆ ಅವಧಿಗಳಿದ್ದು, ಅವೂ ಬದಲಾಗುತ್ತಿರುವುದು ಕಂಡಿತು.

ಹಾಗಾದರೆ ವಾಯೇಜರಿನ ಲೆಕ್ಕ ಸುಳ್ಳೆ? ಅಲ್ಲ. ಆವರ್ತವು ನಿಜ, ಅದು ಯಾರದೆಂದು ಹೆಸರಿಟ್ಟುದರಲ್ಲಿ ಅವಸರವಾಯಿತು. ತರಗತಿಯಲ್ಲಿ ಈ ವಿವೇಚನೆಯನ್ನು ಕಲಿಸದೆ ಅಂಕಿಯನ್ನು ಮಾತ್ರ ಬಾಯಿಪಾಠ ಮಾಡಿಸುವುದು ವಿಜ್ಞಾನದ ಪಾಠವಲ್ಲವೆಂದೇ ನನ್ನ ಮತ. 2019ರಲ್ಲಿ ಶನಿಯ ಬಳೆಗಳಲ್ಲೇಳುವ ಅಲೆಗಳಿಂದ 10 ಗಂಟೆ 33 ನಿಮಿಷ 38 ಸೆಕೆಂಡು ಎಂಬ ಹೊಸ ಮಾನ ದೊರೆಯಿತು. ಅದರ ಪಕ್ಕದಲ್ಲಿ ಒಂದೆರಡು ನಿಮಿಷಗಳ ಅನಿಶ್ಚಯವನ್ನೂ ಗಣಿಸಿದವರೇ ಬರೆದಿಟ್ಟಿರುವರು. ಉಪಾಧ್ಯಾಯರು ಕಪ್ಪುಹಲಗೆಯ ಮೇಲೆ ಅದನ್ನೂ ಬರೆಯಲಿ.